ಶೆಡ್ಡಿನ ಮಗುವಿನ ಬಿಸಿಯೂಟ ಎಲ್ಲಿ?

ಕನ್ನಡದ ತರುಣರೇ,

ಬೆಂಗಳೂರಿನ ಯಾವುದಾದರೂ ಹೊಸ ಬಡಾವಣೆಗೆ ಹೋಗಿ ನೋಡಿ. ಮೇಲೇಳುತ್ತಿರುವ ಕಟ್ಟಡದ ಪಕ್ಕ ತಗಡಿನ ಶೆಡ್ಡು, ಅದರ ಮುಂದೆ ಮರಳ ಗುಡ್ಡೆ, ಗುಡ್ಡೆಯ ಮೇಲೆ ಆಡುತ್ತಿರುವ ಮಗು. ‘ಯಾವೂರು ಮಗಾ?’ ಎಂದು ಕೇಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕರಲ್ಲಿ ಒಂದು ಹೆಸರು ಬಂದರೆ ಆಶ್ಚರ್ಯಪಡಬೇಡಿ. ಮಧ್ಯಾಹ್ನ ಏನು ತಿಂದೆ ಎಂದೂ ಕೇಳಿ. ಉತ್ತರ ಕೇಳಲು ಎದೆ ಗಟ್ಟಿಯಿರಲಿ!

ಈ ನಾಲ್ಕು ತಾಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ನಂಬಿದ ರಾಗಿ, ಕಡಲೇಕಾಯಿ ಇಲ್ಲಿನ ಬೆಳೆ. ಕಡಲೇಕಾಯಿ ಕಿತ್ತು ಮುಗಿದರೆ ಕೂಲಿಯೂ ಮುಗಿಯಿತು. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂತು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಜಮೀನಿಲ್ಲದವನಿಗೆ ಸಿಕ್ಕಿದ್ದೇನು? ಬೆಂಗಳೂರು ಬಸ್ಸು!

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕಾರ್ಡಿನಲ್ಲಿ ತಲೆಗೆ 5 ಕೆ.ಜಿ. ಧಾನ್ಯ ಹಕ್ಕು. ಹೆಬ್ಬೆಟ್ಟು ಒತ್ತಿ ಅದನ್ನು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಒಳ್ಳೆಯದೇ. ಆದರೆ ಬರೀ ಅನ್ನ ಊಟವಾಯಿತೇ? ಊರಲ್ಲಿ ಹೊಲದ ಬದುವಿನ ಸೊಪ್ಪಿತ್ತು, ಅವರೆಕಾಯಿ ಇತ್ತು, ಮುದ್ದೆಗೆ ಹುರುಳಿ ಸಾರಿತ್ತು. ಇಲ್ಲಿ ಸೊಪ್ಪಿಗೂ ಕಾಸು, ಒಲೆ ಹಚ್ಚುವ ಸೌದೆಗೂ ಕಾಸು.

ಮಕ್ಕಳ ಪಾಡು ಇನ್ನೂ ಕಷ್ಟ. ಅದೇ ಕಾಯ್ದೆ 1ರಿಂದ 5ನೇ ತರಗತಿಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರುವ ಬಿಸಿಯೂಟ ಕೊಡಬೇಕೆನ್ನುತ್ತದೆ. 2024ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ 6 ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಬಸುರಿ, ಬಾಣಂತಿಯರಿಗೆ 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ. ಆದರೆ ಹೆಸರು ಊರಿನ ಹಾಜರಿ ಪುಸ್ತಕದಲ್ಲಿ, ಮಗು ಬೆಂಗಳೂರಿನ ಮರಳ ಮೇಲೆ! ಅಕ್ಕಿಯಾದರೂ ಹೆಬ್ಬೆಟ್ಟಿನ ಹಿಂದೆ ಬಂತು, ಮಗುವಿನ ತಟ್ಟೆ ಊರಲ್ಲೇ ಉಳಿಯಿತು.

ಇದಕ್ಕೆ ದಾರಿ ಇಲ್ಲವೇ? ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿ.ಸಿ. ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸು ಕಳಿಸುವಂತಿಲ್ಲ. ಶಾಲೆಗೆ ಸೇರಿದರೆ ಅಂದೇ ಮಧ್ಯಾಹ್ನದ ಊಟ ಸಿಕ್ಕಿತು. ಈ ಮಾತನ್ನು ಶೆಡ್ಡಿನ ತಾಯಿಗೆ ಅವಳ ಕನ್ನಡದಲ್ಲಿ ಹೇಳುವವರು ಬೇಕು, ಅಷ್ಟೇ.

ನಾನು ಪಿ.ಯು.ಸಿ.ಗೆ ಓದು ನಿಲ್ಲಿಸಿ ಪ್ರೆಸ್ ಹಿಡಿದವನು. ಲಗ್ನಪತ್ರಿಕೆ, ಬಿಲ್‌ಬುಕ್ಕು ಅಚ್ಚು ಹಾಕಿ ಬದುಕಿದವನು. ದೊಡ್ಡ ಭಾಷಣ ನನಗೆ ಬಾರದು. ಶಾಲೆ, ಅಂಗನವಾಡಿ, ರೇಷನ್ – ಈ ಮೂರು ಹಕ್ಕನ್ನು ದಪ್ಪಕ್ಷರದ ಕನ್ನಡದಲ್ಲಿ ಒಂದು ಕರಪತ್ರವಾಗಿ ಅಚ್ಚು ಹಾಕಿಕೊಡುತ್ತೇನೆ. ಕಾಗದ, ಮಸಿ ನನ್ನದು. ಕಾಲು ನಿಮ್ಮದು.

ಅಂಗಡಿ ಬೋರ್ಡಿನಲ್ಲಿ ಕನ್ನಡ ಬರಲಿ ಎಂದು ಕೂಗಿದ್ದೇವೆ, ಮುಂದೆಯೂ ಕೂಗೋಣ. ಆ ಕಟ್ಟಡಕ್ಕೆ ಕಲ್ಲು ಹೊತ್ತ ಕನ್ನಡತಿಯ ಮಗು ಹಸಿದಿದ್ದರೆ ನಮ್ಮ ಕೂಗಿಗೆ ಬೆಲೆಯೆಲ್ಲಿ? ಈ ಭಾನುವಾರ ನಿಮ್ಮ ಬೀದಿಯ ಶೆಡ್ಡಿಗೆ ಹೋಗಿ ಮಾತಾಡಿಸಿ. ಸೋಮವಾರ ಆ ಮಗುವಿನ ಕೈ ಹಿಡಿದು ಹತ್ತಿರದ ಸರ್ಕಾರಿ ಶಾಲೆಗೆ ನಡೆಯಿರಿ!