ಕಂತಿನ ಮರೆಯಲ್ಲಿರುವ ಬೆಲೆ

2025ರ ಸೆಪ್ಟೆಂಬರ್ 9ರಂದು ಆಪಲ್ ಕಂಪೆನಿಯು ಐಫೋನ್ 17 ಅನ್ನು ಘೋಷಿಸಿತು. ಅದೇ ತಿಂಗಳ 19ರಂದು ಮಾರಾಟ ಆರಂಭವಾದಾಗ ಮುಂಬೈ, ದಿಲ್ಲಿಯ ಮಳಿಗೆಗಳ ಮುಂದೆ ಬೆಳಕು ಹರಿಯುವ ಮೊದಲೇ ಸರತಿ ಸಾಲುಗಳು ಬೆಳೆದಿದ್ದವು. ಮುಂಬೈಯಲ್ಲಿ ನೂಕುನುಗ್ಗಲು ಕೈ ಕೈ ಮಿಲಾಯಿಸುವ ಮಟ್ಟಕ್ಕೂ ಹೋಯಿತು. ಆರಂಭಿಕ ಬೆಲೆ 82,900 ರೂಪಾಯಿ. ಈ ದೃಶ್ಯವನ್ನು ಕಂಡು ನಕ್ಕು ಸುಮ್ಮನಾಗಬಹುದಿತ್ತು, ಅದು ಮಹಾನಗರದ ಸಿರಿವಂತರಿಗಷ್ಟೇ ಸೀಮಿತವಾಗಿದ್ದರೆ.

ಆದರೆ ಅದು ಅಲ್ಲಿಗೆ ಸೀಮಿತವಾಗಿಲ್ಲ. ಹುಬ್ಬಳ್ಳಿಯ ಕೇಶ್ವಾಪುರದ ಯುವಕನಿಗೂ ಮುಂಬೈಯ ಯುವಕನಿಗೂ ಆ ಜಾಹೀರಾತು ತಲುಪುವುದು ಒಂದೇ ಗಳಿಗೆಯಲ್ಲಿ. ತಲುಪದಿರುವುದು ಆದಾಯ ಮಾತ್ರ. ಆ ಅಂತರವನ್ನು ತುಂಬಲು ಬಂದಿರುವುದೇ ಕಂತು. ಹಿಂದೆ ನಮ್ಮ ಮನೆಗಳಲ್ಲಿ ಒಂದು ವಸ್ತುವನ್ನು ಕೊಳ್ಳುವಾಗ ‘ಬೆಲೆ ಎಷ್ಟು?’ ಎಂದು ಕೇಳುತ್ತಿದ್ದರು. ಇಂದು ಕೇಳುವುದು ‘ತಿಂಗಳಿಗೆ ಎಷ್ಟು?’ ಎಂದು. ಈ ಒಂದು ಪ್ರಶ್ನೆಯ ಬದಲಾವಣೆಯಲ್ಲಿ ಎಷ್ಟೋ ಕುಟುಂಬಗಳ ನೆಮ್ಮದಿ ಕರಗುತ್ತಿದೆ.

ನಾವು ಮೊಬೈಲಿನ ವಿರೋಧಿಗಳಲ್ಲ. ಮಕ್ಕಳ ಕಲಿಕೆ, ಸಣ್ಣ ವ್ಯಾಪಾರಿಯ ಹಣ ಸಂದಾಯ, ದೂರದ ಊರಿನಲ್ಲಿರುವವರೊಂದಿಗೆ ಸಂಪರ್ಕ ಎಲ್ಲವೂ ಇಂದು ಅದನ್ನೇ ಅವಲಂಬಿಸಿವೆ. ಆದರೆ ಅಗತ್ಯ ಬೇರೆ, ಘೋಷಣೆಯ ದಿನ ಹುಟ್ಟಿಸಲಾಗುವ ಆತುರ ಬೇರೆ. ಆತುರದ ಉದ್ದೇಶವೇ ಗ್ರಾಹಕನು ಲೆಕ್ಕ ಹಾಕದಂತೆ ತಡೆಯುವುದು.

ಇದಕ್ಕೆ ಬಡವರೂ ಹೊರತಲ್ಲ. 2016ರ ಫೆಬ್ರವರಿಯಲ್ಲಿ ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಕಂಪೆನಿಯು ‘ಫ್ರೀಡಂ 251’ ಹೆಸರಿನಲ್ಲಿ ಕೇವಲ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುವುದಾಗಿ ಘೋಷಿಸಿತು. ಬಿಜೆಪಿಯ ಹಿರಿಯ ನಾಯಕ ಮುರಳಿ ಮನೋಹರ ಜೋಶಿಯವರು ಅದರ ಬಿಡುಗಡೆ ಸಮಾರಂಭದಲ್ಲಿದ್ದರು. ಜನರ ನೂಕುನುಗ್ಗಲಿಗೆ ಕಂಪೆನಿಯ ಅಂತರ್ಜಾಲ ತಾಣವೇ ಕುಸಿಯಿತು. ಏಳು ಕೋಟಿಗೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದಾರೆಂದು ಕಂಪೆನಿ ಹೇಳಿಕೊಂಡಿತು. ಪ್ರದರ್ಶಿಸಿದ ಮಾದರಿಯಲ್ಲಿ ಬೇರೊಂದು ಕಂಪೆನಿಯ ಹೆಸರನ್ನು ಬಿಳಿ ಬಣ್ಣ ಬಳಿದು ಮರೆಮಾಚಿದ್ದು ಆಗಲೇ ಸುದ್ದಿಯಾಗಿತ್ತು. ಮರುವರ್ಷ ವಿತರಕರೊಬ್ಬರ ವಂಚನೆಯ ದೂರಿನ ಮೇಲೆ ಅದರ ಮುಖ್ಯಸ್ಥನ ಬಂಧನವಾಯಿತು. ಬಿಡಿಭಾಗಗಳ ವೆಚ್ಚವೇ ಎಷ್ಟೋ ಪಟ್ಟು ಹೆಚ್ಚಿರುವಾಗ 251 ರೂಪಾಯಿಗೆ ಫೋನ್ ಹೇಗೆ ಸಾಧ್ಯ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

‘ಬಡ್ಡಿಯಿಲ್ಲದ ಕಂತು’ ಅಂತಹ ವಂಚನೆಯಲ್ಲ, ಅದು ಕಾನೂನುಬದ್ಧ ವ್ಯವಹಾರ. ಆದರೆ ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಸಾಲ ಕೊಡುವವನು ಬಡ್ಡಿಯಿಲ್ಲದೆ ಏಕೆ ಕೊಡುತ್ತಾನೆ? ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. 24,000 ರೂಪಾಯಿಯ ಫೋನನ್ನು ತಿಂಗಳಿಗೆ 4,000ದಂತೆ ಆರು ಕಂತುಗಳಲ್ಲಿ ಕೊಂಡಿರೆಂದು ಇಟ್ಟುಕೊಳ್ಳೋಣ. ವಾರ್ಷಿಕ ಶೇ. 15ರ ದರದಲ್ಲಾದರೆ ಸಾಲ ಕೊಟ್ಟ ಸಂಸ್ಥೆಯು ಅಂಗಡಿಗೆ ಕೊಡುವುದು ಸುಮಾರು 23,000. ನಿಮ್ಮಿಂದ ವಸೂಲು ಮಾಡುವುದು 24,000. ನಡುವಿನ ಒಂದು ಸಾವಿರ ಬಡ್ಡಿಯಲ್ಲದೆ ಮತ್ತೇನು? ನಗದು ಕೊಟ್ಟವನಿಗೆ ಸಿಗಬಹುದಾಗಿದ್ದ ರಿಯಾಯಿತಿಯೇ ಇಲ್ಲಿ ಬಡ್ಡಿಯ ವೇಷ ಕಳಚಿ ಕುಳಿತಿದೆ. ಇದರ ಮೇಲೆ ಸಂಸ್ಕರಣಾ ಶುಲ್ಕ ಬೇರೆ. ಕ್ರೆಡಿಟ್ ಕಾರ್ಡಿನ ಮೂಲಕವಾದರೆ ಆ ಬಡ್ಡಿಗೆ ಶೇ. 18 ಜಿಎಸ್‌ಟಿಯೂ ಉಂಟು. ಒಂದು ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಾಲದ ದಾಖಲೆಗೆ ಕಪ್ಪುಚುಕ್ಕೆ ಅಂಟುತ್ತದೆ. ನಾಳೆ ಮಗಳ ಉನ್ನತ ಶಿಕ್ಷಣಕ್ಕೋ ತಲೆಯ ಮೇಲೊಂದು ಸೂರಿಗೋ ನೆರವು ಕೋರಿದಾಗ ಆ ಚುಕ್ಕೆಯೇ ಅಡ್ಡಬರಬಹುದು.

ಬಡ್ಡಿಯನ್ನು ನಿಷಿದ್ಧವೆಂದು ನಂಬಿದ ಸಮುದಾಯಕ್ಕೆ ಈ ವಿಚಾರದಲ್ಲಿ ಇಮ್ಮಡಿ ಎಚ್ಚರ ಬೇಕು. ಬ್ಯಾಂಕಿನ ಬಾಗಿಲು ತುಳಿಯಲು ಹಿಂಜರಿಯುವವರೂ ‘ಬಡ್ಡಿಯಿಲ್ಲ’ ಎಂಬ ಫಲಕ ಕಂಡು ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ. ಫಲಕವನ್ನಲ್ಲ, ಕರಾರನ್ನು ಓದಬೇಕು. ಕ್ರೆಡಿಟ್ ಕಾರ್ಡನ್ನು ಹೊರತುಪಡಿಸಿ, ಇಂತಹ ಸಾಲ ನೀಡುವ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ನೈಜ ವಾರ್ಷಿಕ ದರ ಹಾಗೂ ಎಲ್ಲ ಶುಲ್ಕಗಳನ್ನು ತಿಳಿಸುವ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ನಗದು ಕೊಟ್ಟರೆ ಬೆಲೆ ಎಷ್ಟು ಇಳಿಯುತ್ತದೆಂದೂ ವಿಚಾರಿಸಿರಿ. ಎರಡರ ಅಂತರವೇ ಆ ಕಂತಿನ ನಿಜವಾದ ಬೆಲೆ.

ಕಾಯುವುದರಲ್ಲಿ ನಷ್ಟವೂ ಇಲ್ಲ. ಐಫೋನ್ 17 ಬಂದ ದಿನವೇ 79,900 ರೂಪಾಯಿಯ ಐಫೋನ್ 16ರ ಬೆಲೆ 69,900ಕ್ಕೆ ಇಳಿಯಿತು. ನಿನ್ನೆಯವರೆಗೆ ಅತ್ಯುತ್ತಮವೆನಿಸಿದ್ದ ಫೋನು ಒಂದೇ ರಾತ್ರಿಯಲ್ಲಿ ಕೆಟ್ಟುಹೋಯಿತೇ? ತಿಂಗಳ ಕಂತಿಗೆ ತೆರಬೇಕೆಂದಿದ್ದ ಹಣವನ್ನು ಆರು ತಿಂಗಳು ಮೊದಲೇ ಉಳಿಸಿಟ್ಟವನು ಯಾರ ಹಂಗೂ ಇಲ್ಲದೆ ಅದನ್ನು ಕೊಳ್ಳಬಲ್ಲನು. ಆ ಆರು ತಿಂಗಳಲ್ಲಿ ಅದು ಬೇಡವೆನಿಸಿದರೆ ಹಣವೂ ಅವನ ಕೈಯಲ್ಲೇ ಇರುತ್ತದೆ. ನಮ್ಮ ಮಕ್ಕಳಿಗೆ ಫೋನ್ ಕೊಡಿಸುವ ಮೊದಲು ಈ ಲೆಕ್ಕವನ್ನು ಅವರೊಂದಿಗೆ ಕುಳಿತು ಮಾಡೋಣ.