ಭಲ್ಲೆ ಒಗೆಯುವ ಕೈಗೆ ಬಯಲೂ ಬೇಕು, ಬಸ್ಸೂ ಬೇಕು

ಭಲ್ಲೆ ಎಸೆತ ಅಂದ ಕೂಡಲೇ ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ನೀರಜ್ ಚೋಪ್ರಾ ಹೆಸರು ಹೇಳುತ್ತಾರೆ. ಹೇಳಲಿ, ಸಂತೋಷ. ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಆತ ಚಿನ್ನ ಗೆದ್ದದ್ದು 2023ರ ಅಕ್ಟೋಬರ್ 4ರಂದು. ಅದರ ಹಿಂದಿನ ದಿನವೇ, ಅದೇ ಕೂಟದಲ್ಲಿ, ಒಬ್ಬ ರೈತನ ಮಗಳು 62.92 ಮೀಟರ್ ದೂರಕ್ಕೆ ಭಲ್ಲೆ ಒಗೆದು ಚಿನ್ನ ತಗೊಂಡಿದ್ದಳು. ಆಕೆಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೈತ್ರೀ?

ಅನ್ನು ರಾಣಿ. ಉತ್ತರ ಪ್ರದೇಶದ ಮೀರತ್ ಜಿಲ್ಲೆಯ ಬಹಾದುರ್‌ಪುರ ಎಂಬ ಹಳ್ಳಿಯಾಕೆ. ಏಷ್ಯನ್ ಕೂಟದ ಭಲ್ಲೆ ಎಸೆತದಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಹೆಣ್ಣುಮಗಳು. 1958ರಲ್ಲಿ ಟೋಕಿಯೊದಲ್ಲಿ ಎಲಿಜಬೆತ್ ಡೇವನ್‌ಪೋರ್ಟ್ ಬೆಳ್ಳಿ ತಂದಿದ್ದರು. ಆ ಬೆಳ್ಳಿಯಿಂದ ಈ ಚಿನ್ನಕ್ಕೆ ಬರಲು ದೇಶಕ್ಕೆ 65 ವರ್ಷ ಹಿಡಿಯಿತು.

ಈಕೆಯ ಕೈಗೆ ಮೊದಲು ಸಿಕ್ಕದ್ದು ಭಲ್ಲೆಯಲ್ಲ, ಹೊಲದೊಳಗಿನ ಕಬ್ಬು. ಕ್ರಿಕೆಟ್ ಆಡುವಾಗ ತಂಗಿ ಚೆಂಡು ಒಗೆಯುವ ರಭಸ ನೋಡಿದ ಅಣ್ಣ ಈ ದಾರಿಗೆ ಹಚ್ಚಿದ. ಬಿದಿರಿನ ಕೋಲೇ ಭಲ್ಲೆಯಾಯಿತು. ತಂದೆಗೆ ಮೊದಮೊದಲು ಮನಸ್ಸಿರಲಿಲ್ಲ. ಇಬ್ಬರನ್ನೂ ಆಟಕ್ಕೆ ಬಿಡುವಷ್ಟು ರೊಕ್ಕ ಮನೆಯಲ್ಲಿರಲಿಲ್ಲ. ಅಣ್ಣ ತನ್ನ ಆಟ ಬಿಟ್ಟು ತಂಗಿಯನ್ನು ಮುಂದೆ ಮಾಡಿದ.

2014ರಲ್ಲಿ ಲಖನೌದಲ್ಲಿ 58.83 ಮೀಟರ್ ಒಗೆದು ರಾಷ್ಟ್ರೀಯ ದಾಖಲೆ. ಅದೇ ವರ್ಷ ಇಂಚಿಯಾನ್ ಏಷ್ಯನ್ ಕೂಟದಲ್ಲಿ ಕಂಚು. 2016ರಲ್ಲಿ 60 ಮೀಟರ್ ದಾಟಿದ ಮೊದಲ ಭಾರತೀಯಳು. 2019ರಲ್ಲಿ ದೋಹಾದ ವಿಶ್ವ ಕೂಟದಲ್ಲಿ ಫೈನಲ್. 2022ರಲ್ಲಿ ಜಮ್ಶೆಡ್‌ಪುರದಲ್ಲಿ 63.82 ಮೀಟರ್. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು.

ಏರಿದ್ದನ್ನು ಹೇಳಿದ ಮೇಲೆ ಬಿದ್ದದ್ದನ್ನೂ ಹೇಳಬೇಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ಮುಟ್ಟಲಿಲ್ಲ. 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್ ವಿಶ್ವ ಕೂಟದಲ್ಲೂ ಇಲ್ಲ. ಇನ್ನು ಮುಗೀತು ಅಂದವರಿದ್ದರು. ಆರೇ ವಾರದಲ್ಲಿ ಹಾಂಗ್‌ಝೌ ಚಿನ್ನ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಫೈನಲ್ ತಪ್ಪಿತು. ಆಟ ಅಂದರೆ ಹಿಂಗೇ. ಒಂದು ದಿನದ ಚಿನ್ನದ ಹಿಂದೆ ಹತ್ತು ವರ್ಷದ ದುಡಿಮೆ ಇರುತ್ತದೆ.

ಈ ದುಡಿಮೆಯಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಇದೆ. ಚಿನ್ನಕ್ಕೆ ಮೊದಲಿನ ವರ್ಷಗಳಲ್ಲಿ ಆಕೆಗೆ ಕಲಿಸಿದವರಲ್ಲಿ ಒಬ್ಬರು ಶಿರಸಿ ಕಡೆಯ ಕಾಶಿನಾಥ ನಾಯ್ಕ. ಸೇನೆಯಲ್ಲಿದ್ದವರು, 2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ ತಾವೇ ಕಂಚು ಗೆದ್ದವರು. ಮೀರತ್ತಿನ ಹುಡುಗಿಗೆ ಕಲಿಸಬಲ್ಲ ಗುರು ನಮ್ಮ ನಾಡಿನಲ್ಲೇ ಹುಟ್ಟಿದ. ಹಾಗಾದರೆ ನಮ್ಮ ಹಿರೇವಡ್ಡಟ್ಟಿಯ ಹುಡುಗಿ ಏನು ಪಾಪ ಮಾಡಿದ್ದಾಳೆ?

ತೋಳಿನಲ್ಲಿ ಬಲ ಇಲ್ಲ ಅನ್ನಬೇಡಿರಿ. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸಿದ ತಾಯಂದಿರ ಮಕ್ಕಳು ಇವರು. ಕುಸ್ತಿಯಲ್ಲಿ, ಸೈಕಲ್ಲಿನಲ್ಲಿ ಗದಗ ಜಿಲ್ಲೆಯ ಹೆಣ್ಣುಮಕ್ಕಳು ಹೆಸರು ಮಾಡಿ ತೋರಿಸಿದ್ದಾರೆ. ಕೊರತೆ ಇರುವುದು ಬಲದಲ್ಲಲ್ಲ, ಉಳಿದದ್ದರಲ್ಲಿ.

ಹಳ್ಳಿ ಕಡೆ ಭಲ್ಲೆ ಎಸೆತ ನಡೆಯುವುದು ಹೇಗೆ? ಕ್ರೀಡಾಕೂಟ ಹತ್ತಿರ ಬಂದಾಗ ಕೋಣೆ ಬಾಗಿಲು ತೆಗೆದು ಧೂಳು ಝಾಡಿಸಿ ಭಲ್ಲೆ ಹೊರಗೆ ತರುವುದು, ಕೂಟ ಮುಗಿದ ಸಂಜೆ ಮತ್ತೆ ಒಳಗೆ ಇಡುವುದು. ಹುಡುಗಿ ಫಸ್ಟ್ ಬಂದರೆ ಒಂದು ಸರ್ಟಿಫಿಕೇಟು, ಒಂದು ಫೋಟೋ. ಹತ್ತನೇ ಇಯತ್ತೆ ಮುಗಿದ ಮೇಲೆ ಅದೂ ಇಲ್ಲ. "ಹೆಣ್ಣುಹುಡುಗಿ ಭರ್ಚಿ ಒಗದು ಏನ್ ಮಾಡೂದೈತ್ರೀ?" ಅಂತ ಮನೆಯವರು ಕೇಳಿದರೆ ಉತ್ತರ ಕೊಡುವವರು ಯಾರು?

ಮೇಷ್ಟ್ರುಗಳನ್ನಷ್ಟೇ ಬೈದು ಉಪಯೋಗವಿಲ್ಲ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಇದ್ದವರಿಗೆ ಬೇರೆ ಭಯ. ಹೆಂಗಸರ ಭಲ್ಲೆ ತೂಕ 600 ಗ್ರಾಂ, ಮೂತಿ ಲೋಹದ್ದು. ಹುಡುಗರು ಅಡ್ಡಾಡುವ ಬಯಲಿನಲ್ಲಿ ಅದನ್ನು ಒಗೆದರೆ ಅನಾಹುತ. ಅದಕ್ಕೆ ಬೇರೆ ಜಾಗ ಬೇಕು, ಓಡಿ ಬರಲು ಮೂವತ್ತು ಮೀಟರ್ ನೆಟ್ಟನೆಯ ನೆಲ ಬೇಕು, ಮುಂದೆ ಖುಲ್ಲಾ ಬಯಲು ಬೇಕು.

ಆದ್ದರಿಂದ ನಮ್ಮ ಮಾತು ಮೂವರಿಗೆ.

ಒಂದು, ಅಂಗಡಿಕಾರ ಬಂಧುಗಳಿಗೆ. ಕೂಟ ಬಂದರೆ ಶೀಲ್ಡು, ಹಾರ, ಬ್ಯಾನರಿಗೆ ನೀವು ಕೈ ಬಿಚ್ಚಿ ಕೊಡುತ್ತೀರಿ. ಈ ವರ್ಷ ಶೀಲ್ಡು ಬಿಟ್ಟು ಹಿರೇವಡ್ಡಟ್ಟಿಯಂಥ ಊರಿಗೆ ಕಲಿಯುವ ಮಕ್ಕಳ ಭಲ್ಲೆ ಎರಡು ಕೊಡಿಸಿರಿ. ಲಕ್ಷ ರೂಪಾಯಿಯ ಪರದೇಶಿ ಭಲ್ಲೆ ಬೇಡ. ಶೀಲ್ಡು ಕಪಾಟಿನಲ್ಲಿ ಕೂಡುತ್ತದೆ, ಭಲ್ಲೆ ವರ್ಷಪೂರ್ತಿ ದುಡಿಯುತ್ತದೆ.

ಎರಡು, ಕ್ರೀಡಾ ಇಲಾಖೆಗೆ. ಕಲಿಯುವ ಹುಡುಗಿಯರನ್ನೆಲ್ಲ ಗದಗಕ್ಕೆ ಬಾ ಅನ್ನುವ ಬದಲು ವಾರಕ್ಕೊಮ್ಮೆ ಒಬ್ಬ ತರಬೇತುದಾರರನ್ನು ಮುಂಡರಗಿ ತಾಲೂಕಿನ ಹಳ್ಳಿಗೆ ಕಳಿಸಿರಿ. ಊರಿನವರು ಬಯಲು ತೋರಿಸುತ್ತಾರೆ.

ಮೂರು, ಸಾರಿಗೆ ಸಂಸ್ಥೆಗೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೀಟಿನ ಚಿಂತೆ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಟಿಕೀಟು ಪುಕ್ಕಟೆಯಾದರೆ ಸಾಲದು, ಆಟ ಮುಗಿಸಿದ ಹುಡುಗಿ ಕತ್ತಲಾಗುವ ಮುಂಚೆ ಮನೆ ಮುಟ್ಟುವ ಹೊತ್ತಿಗೆ ಬಸ್ಸು ಇರಬೇಕು. ಮಗಳು ಹೊತ್ತಿಗೆ ಮನೆಗೆ ಬಂದರೆ ಅಪ್ಪ ಮರುದಿನ ಕಳಿಸುತ್ತಾನೆ. ಒಂದು ದಿನ ತಡವಾಯಿತೋ, ಅಲ್ಲಿಗೆ ಭಲ್ಲೆ ಕೆಳಗೆ ಬಿತ್ತು.

ಮೀರತ್ತಿನಾಕೆಗೆ ಒಬ್ಬ ಅಣ್ಣ ಇದ್ದ. ಎಲ್ಲರಿಗೂ ಅಂಥ ಅಣ್ಣ ಇರುವುದಿಲ್ಲ. ಅಣ್ಣ ಇಲ್ಲದವಳಿಗೆ ಊರೇ ಅಣ್ಣನಾಗಬೇಕು. ಮುಂದಿನ ಕೂಟದ ತಾರೀಖು ಬರುವ ಮುಂಚೆ ಸಂಬಂಧಪಟ್ಟವರು ಇತ್ತ ಕಣ್ಣು ತೆರೆಯುವರೇ?