ಬಿದಿರುಮೆಳೆಯ ಮುಳ್ಳೂ ಕಾಡಿನ ಹಕ್ಕಿಗಳೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟಿಗರಿಗೆ ಸೊಪ್ಪಿನಬೆಟ್ಟವು ತೋಟದಷ್ಟೇ ಅವಶ್ಯವಾದುದು. ತೋಟದ ಎಕರೆಯೊಂದಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಉಪಯೋಗಿಸುವ ಸವಲತ್ತು ಬ್ರಿಟಿಷರ ಆಳಿಕೆಯ ಕಾಲದಿಂದ ನಡೆದು ಬಂದಿರುತ್ತದೆ. ಬೆಟ್ಟದಿಂದ ದೊರೆಯುವ ಸೊಪ್ಪು, ದರಕು, ಸೌದೆಗಳ ಲೆಕ್ಕವನ್ನು ಎಲ್ಲರೂ ಇಡುವರು. ಮರಗಳ ಅಡಿಯಲ್ಲಿ ಬೆಳೆದ ಬಿದಿರುಮೆಳೆಯ ಲೆಕ್ಕವನ್ನಿಡುವವರು ವಿರಳ. ಬೇಸಗೆಯಲ್ಲಿ ಬೆಟ್ಟವನ್ನು ಚೊಕ್ಕಟಗೊಳಿಸುವಾಗ ಮೆಳೆಯ ಬುಡದ ಮುಳ್ಳನ್ನು ಸವರಿಬಿಡುವುದೇ ಒಳ್ಳೆಯ ಒಕ್ಕಲುತನವೆಂದು ಎಣಿಸುವವರೂ ಉಂಟು. ಈ ಎಣಿಕೆಯು ಸರಿಯಾದುದಲ್ಲ.

ಹೆಬ್ಬಿದಿರಿನ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳಿನ ಕೊಂಬೆಗಳು ಮೆಳೆಗೆ ಪ್ರಕೃತಿಯು ಕಟ್ಟಿಕೊಟ್ಟ ಬೇಲಿಯಾಗಿರುತ್ತವೆ. ಮಳೆಗಾಲದಲ್ಲಿ ಮೂಡುವ ಎಳೆಯ ಕಳಲೆಯು ದನ, ಮುಸುವ, ಮುಳ್ಳುಹಂದಿಗಳ ಬಾಯಿಗೆ ಬೀಳದೆ ಉಳಿಯುವುದು ಈ ಬೇಲಿಯಿಂದಲೇ. ದಾಂಡೇಲಿಯ ಕಾಗದದ ಕಾರಖಾನೆಯು 1955ರಲ್ಲಿ ಸ್ಥಾಪಿತವಾದ ತರುವಾಯ ಈ ಜಿಲ್ಲೆಯ ಬಿದಿರು ಬಹು ವೇಗದಿಂದ ಕ್ಷೀಣಿಸಿ, ಬುಟ್ಟಿ ಹೆಣೆಯುವ ಮೇದರ ಜೀವನಕ್ಕೇ ಸಂಚಕಾರ ಬಂದಿತು. 1975ರ ಅನಂತರದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಇದರ ಕಾರಣವನ್ನು ಶೋಧಿಸಿದರು. ಮೆಳೆಯು ಸಲೀಸಾಗಿ ಬೆಳೆಯಲೆಂದು ಮುಳ್ಳನ್ನು ತೆಗೆಸಿದುದೇ ಕಳಲೆಯ ನಾಶಕ್ಕೂ ದಾರಿಮಾಡಿತೆಂದು ಅವರಿಗೆ ಕಂಡುಬಂದಿತು. ಹಳ್ಳಿಯ ಜನರು ಈ ಮಾತನ್ನು ಮೊದಲೇ ಅರಿತಿದ್ದರೆಂಬುದು ಗಮನಾರ್ಹವಾಗಿದೆ.

ಕಳಲೆಯನ್ನು ಕಾಯುವ ಮುಳ್ಳೇ ಹಕ್ಕಿಯ ಗೂಡನ್ನೂ ಕಾಯುತ್ತದೆ. ಹರಟೆಮಲ್ಲ ಜಾತಿಯ ಹಲವು ಕಾಡುಹಕ್ಕಿಗಳು ಎತ್ತರದ ಮರವನ್ನೇರದೆ ನೆಲದ ಮೇಲೆ ಅಥವಾ ಕುರುಚಲಿನ ನಡುವೆ ಒಣಗಿದ ಎಲೆಗಳಿಂದ, ಬಿದಿರಿನ ಎಲೆಗಳಿಂದಲೂ, ಚೆಂಡಿನಾಕಾರದ ಗೂಡನ್ನು ರಚಿಸುತ್ತವೆ. ಮೆಳೆಯಡಿಯ ದರಕನ್ನು ಕೆದಕಿ ಹುಳುಹುಪ್ಪಟೆಗಳನ್ನು ಹೆಕ್ಕುವುದೇ ಅವುಗಳ ದಿನಚರಿ. ಚುಕ್ಕೆಗಳುಳ್ಳ ಪುಟ್ಟ ಮರಕುಟಿಗವು ಬಿದಿರಿನ ಗಳುಗಳನ್ನು ಕುಟ್ಟಿ ಇರುವೆಗಳನ್ನೂ ಕೀಟಗಳ ಮರಿಗಳನ್ನೂ ತಿನ್ನುತ್ತದೆ. ಬಿದಿರು ಹೂಬಿಟ್ಟು ಅಕ್ಕಿಯನ್ನುದುರಿಸಿದ ವರ್ಷ ಕಾಡುಕೋಳಿಗಳು ಗುಂಪುಗುಂಪಾಗಿ ಅಲ್ಲಿಗೆ ಬರುತ್ತವೆ. ಬುಡವನ್ನು ಬೋಳಿಸಿ, ದರಕನ್ನು ಕಡೆಯ ಎಲೆಯವರೆಗೆ ಗುಡಿಸಿ ಒಯ್ದಲ್ಲಿ ಈ ಹಕ್ಕಿಗಳಿಗೆ ಮನೆಯೂ ಇಲ್ಲ, ಅನ್ನವೂ ಇಲ್ಲ.

ಹಕ್ಕಿಗಳಿಂದ ತೋಟಿಗರಿಗೆ ಏನು ಲಾಭವೆಂದು ಕೇಳುವವರು ಇರಬಹುದು. ಹಕ್ಕಿಗಳು ಕೊಳೆರೋಗವನ್ನು ಪರಿಹರಿಸಲಾರವು. ಅದಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಲೇಬೇಕು. ಆದರೆ ದಿನವೆಲ್ಲ ಕೀಟಗಳನ್ನು ಹುಡುಕಿ ತಿನ್ನುವ ಈ ಕೂಲಿಯಿಲ್ಲದ ಆಳುಗಳನ್ನು ಬೆಟ್ಟದಿಂದ ಓಡಿಸುವುದು ಜಾಣತನವಲ್ಲ. ಮುಳ್ಳಿನ ಮೆಳೆಯಲ್ಲಿ ಹಾವು, ಹಂದಿಗಳು ಅಡಗುವವೆಂಬ ಆಕ್ಷೇಪಣೆಯು ಸುಳ್ಳಲ್ಲ. ಆದಕಾರಣ ಮನೆ, ಕಣ, ಕಾಲುದಾರಿಗಳ ಬದಿಯ ಮೆಳೆಗಳನ್ನು ಬಿಡಿಸಿಕೊಳ್ಳಲು ಅಡ್ಡಿಯಿಲ್ಲ. ಅದೇ ನೆವದಿಂದ ಬೆಟ್ಟದ ಒಳಗಿನ ಮೆಳೆಗಳಿಗೂ ಕತ್ತಿಯನ್ನು ಹಾಕಬಾರದು.

ಮಾಡತಕ್ಕ ಕೆಲಸವು ಸುಲಭವಾದುದು. ಬುಡದ ಮುಳ್ಳನ್ನು ಸವರಕೂಡದು. ನಿಯಮಗಳನ್ನು ವಿಚಾರಿಸಿಕೊಂಡು, ಮೂರು ವರ್ಷ ಮೀರಿದ ಬಲಿತ ಗಳುಗಳನ್ನು ಮಾತ್ರ ಮಳೆಗಾಲವನ್ನುಳಿದು ಕಡಿಯತಕ್ಕದ್ದು. ಪಲ್ಯಕ್ಕೆಂದು ಒಂದೇ ಮೆಳೆಯ ಕಳಲೆಯನ್ನೆಲ್ಲ ಮುರಿಯಕೂಡದು. ಮೆಳೆಯ ಸುತ್ತ ಒಂದೆರಡು ಮಾರು ದರಕನ್ನು ಗುಡಿಸದೆ ಬಿಡಬೇಕು. ಹೂಬಿಟ್ಟ ಮೆಳೆಯು ಸಾಯುವುದು ಸಹಜ; ಉದುರಿದ ಬೀಜದಿಂದ ಎದ್ದ ಸಸಿಗಳನ್ನು ಕೆಲವು ವರ್ಷಗಳ ವರೆಗೆ ಬೆಂಕಿಯಿಂದಲೂ ದನಗಳಿಂದಲೂ ಕಾಯದಿದ್ದಲ್ಲಿ ಆ ಸ್ಥಳದಲ್ಲಿ ಬಿದಿರು ಮತ್ತೆ ಕಾಣಿಸದು.

ಒಬ್ಬರು ಬಿಟ್ಟ ಮುಳ್ಳನ್ನು ನೆರೆಯವರು ಸವರಿದರೆ ಫಲವಿಲ್ಲ. ಆದುದರಿಂದ ಊರಿನ ಮುಖಂಡರು ಬೇಸಗೆಯ ಸೊಪ್ಪಿನ ಕೆಲಸ ಆರಂಭವಾಗುವ ಮೊದಲೇ ಬೆಟ್ಟದಾರರನ್ನು ಕೂಡಿಸಿ ಒಂದು ಕಟ್ಟುಪಾಡನ್ನು ಮಾಡಿಕೊಳ್ಳುವುದು ಯುಕ್ತ. ತೋಟದ ದೋಟಿ, ಏಣಿ, ತಟ್ಟಿ, ಬುಟ್ಟಿಗಳು ಮಕ್ಕಳ ಕಾಲಕ್ಕೂ ಊರಿನ ಬೆಟ್ಟದಲ್ಲಿಯೇ ದೊರೆಯಬೇಕಾದರೆ, ಬೆಳಗಿನ ಹೊತ್ತು ಬೆಟ್ಟದಲ್ಲಿ ಹಕ್ಕಿಯ ದನಿ ಕೇಳಬೇಕಾದರೆ, ಆಳಿನ ಕೈಗೆ ಕತ್ತಿಯನ್ನು ಕೊಡುವಾಗಲೇ ಮುಳ್ಳನ್ನು ಮುಟ್ಟಬೇಡವೆಂದು ಹೇಳಿ ಕಳುಹಿಸಬೇಕು.